ಅಲೆಗೂ ಅಟ್ಟಕ್ಕೂ ನಡುವೆ

ಆಫೀಸಿನಲ್ಲಿ ಅವಳಿಗೆ ಕಾಲು ಮೇಡಂ ಎಂದೇ ಹೆಸರು. ಕಡಲ ನಡುವೆ ಎಣ್ಣೆ, ಅನಿಲ ತೆಗೆಯಲು ನಿಲ್ಲಿಸುವ ಪ್ಲಾಟ್‌ಫಾರಂಗಳಿಗೆ ಕಾಲು ವಿನ್ಯಾಸ ಮಾಡುವುದು ಅವಳ ಕೆಲಸ. ಮೇಲಿನ ಯಂತ್ರ, ಕೊಳವೆ, ಕೋಣೆ ಎಲ್ಲ ಬೇರೆಯವರ ಪಾಲು; ನೀರಿನೊಳಗೆ ಮುಳುಗಿ, ಯಾರ ಕಣ್ಣಿಗೂ ಬೀಳದೆ, ವರ್ಷಾನುಗಟ್ಟಲೆ ಅಲೆಗಳ ಏಟು ತಿನ್ನುತ್ತ ನಿಲ್ಲುವ ಉಕ್ಕಿನ ಕಾಲುಗಳು ಮಾತ್ರ ಅವಳವು. "ಮೇಡಂ, ಕಾಲು ಹೇಗಿದೆ?" ಎಂದು ಯಾರಾದರೂ ಲಿಫ್ಟಿನಲ್ಲಿ ಕೇಳಿದರೆ ಹೊಸಬರು, ಪಾಪ, ಎಲ್ಲೋ ಬಿದ್ದಿರಬೇಕು ಅಂದುಕೊಂಡು ಅವಳ ಪಾದದ ಕಡೆ ನೋಡುತ್ತಿದ್ದರು.

ಅವಳ ಚೊಚ್ಚಲ ಕೆಲಸವಾಗಿದ್ದ ಪ್ಲಾಟ್‌ಫಾರಂ ದಡದಿಂದ ಬಹಳ ದೂರ, ಚಳಿಗಾಲವಿಡೀ ಬಿರುಗಾಳಿ ಮೊರೆಯುವ ಒರಟು ಕಡಲಿನಲ್ಲಿತ್ತು. ಅಲ್ಲಿ ದುಡಿಯುವವರು ಅದನ್ನು ಅಟ್ಟ ಎನ್ನುತ್ತಿದ್ದರು. ನೀರಿನ ಮೇಲೆ ಎರಡು ಅಂತಸ್ತು. ಕೆಳಗಿನ ಅಟ್ಟದಲ್ಲಿ ಎಣ್ಣೆ ಬಾವಿಗಳ ಬಾಯಿ, ಅವನ್ನು ಮುಚ್ಚಿ ತೆರೆಯುವ ವಾಲ್ವುಗಳು, ಒಂದು ಅಂಚಿಗೆ ಕೆಲಸಗಾರರು ಮಲಗುವ ಕೋಣೆಗಳು. ಮೇಲಿನ ಅಟ್ಟದಲ್ಲಿ ಯಂತ್ರಗಳು, ರೇಡಿಯೊ ಕೋಣೆ, ಹೆಲಿಕಾಪ್ಟರ್ ಇಳಿಯುವ ಜಾಗ. ಈಗ ಆ ಅಟ್ಟದ ಸೂಪರಿಂಟೆಂಡೆಂಟ್ ಅವಳ ಸ್ವಂತ ಅಣ್ಣ. "ತಂಗಿ ಕಾಲು ನೆಟ್ಟಳು, ಅಣ್ಣ ಮೇಲೆ ಹತ್ತಿ ಕೂತ" ಎಂದು ಅವರ ಅಮ್ಮ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದಳು.

ಅಮ್ಮ ಮಗಳ ಜೊತೆಗೇ ಇದ್ದಳು. ರಜೆಯ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಮಗನ ಮುಖ ಫೋನಿನಲ್ಲಿ ಕಾಣದಿದ್ದರೆ ಅವಳಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಚಳಿಗಾಲ ಕಾಲಿಡುತ್ತಿದ್ದ ಅಂಥದೇ ಒಂದು ಮಧ್ಯಾಹ್ನ ಅಣ್ಣ ಕಡಲು ತೋರಿಸುತ್ತೇನೆಂದು ಕೆಳಗಿನ ಮೆಟ್ಟಿಲ ಬಳಿ ನಿಂತು ಮಾತಾಡುತ್ತಿದ್ದ. ಅಮ್ಮ ಎಂದಿನಂತೆ ಫೋನನ್ನು ಕಿವಿಗೆ ಒತ್ತಿಕೊಂಡಿದ್ದಳು.

"ಅಮ್ಮ, ನಿನ್ನ ಕಿವಿ ಬಿಟ್ಟು ನನಗೇನೂ ಕಾಣ್ತಿಲ್ಲ. ಮುಂದೆ ಹಿಡಿ."

"ಮುಂದೆ ಹಿಡಿದ್ರೆ ಕೇಳ್ಸಬೇಕಲ್ಲಪ್ಪ."

ಮಗಳು ನಗುತ್ತ ಫೋನನ್ನು ನೀರಿನ ತಂಬಿಗೆಗೆ ಒರಗಿಸಿ ನಿಲ್ಲಿಸಿದಳು. ಅಣ್ಣ ಮೊದಲಿಗಿಂತ ದಪ್ಪಗಾಗಿದ್ದ. ಅವನ ಹಿಂದೆ ದಪ್ಪನೆಯ ಉಕ್ಕಿನ ಕಾಲು, ಅದಕ್ಕೆ ಸುತ್ತಲೂ ಬಳಿದ ಹಳದಿ ಪಟ್ಟಿ. ಕಡಲು ಸುಮ್ಮನಿತ್ತು. ಒಂದು ಸಣ್ಣ ಅಲೆ ಸೋಮಾರಿಯಾಗಿ ಬಂದು ಆ ಪಟ್ಟಿಯನ್ನು ನೆಕ್ಕಿ ಹೋಯಿತು. ಇನ್ನೊಂದು ಬಂತು. ಅದೂ ನೆಕ್ಕಿತು.

ಅವಳ ನಗು ಹಾಗೇ ಆರಿತು. ಆ ಪಟ್ಟಿಯನ್ನು ಎಲ್ಲಿ ಬಳಿಯಬೇಕೆಂದು ನಕ್ಷೆಯಲ್ಲಿ ಗುರುತು ಹಾಕಿದವಳು ಅವಳೇ. ಶಾಂತ ದಿನದಲ್ಲಿ ನೀರು ಅದರ ಹತ್ತಿರಕ್ಕೂ ಬರಬಾರದು.

"ಅಣ್ಣ, ಆ ಹಳದಿ ಪಟ್ಟಿ ಯಾವಾಗಿಂದ ನೆನೀತಿದೆ?"

"ಯಾವ್ದು, ಇದಾ? ಆಗ್ಲೇ ಒಂದೆರಡು ವರ್ಷ ಆಗಿರಬೇಕು. ಕೆಳಗಿನ ದಾರಿಗೂ ಈಗೀಗ ನೀರು ಹತ್ತುತ್ತೆ. ಕಡಲು ನಮ್ಮ ಕಾಲು ತೊಳೆಯೋಕೆ ಬಂದಿದೆ ಅಂತ ಹುಡುಗರು ತಮಾಷೆ ಮಾಡ್ತಾರೆ."

ಅಮ್ಮ ನಕ್ಕಳು. ಮಗಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ಅಲೆ ಕಾಲುಗಳ ನಡುವೆ ನುಸುಳಿ ಹೋದರೆ ತೊಂದರೆಯಿಲ್ಲ. ಕಾಲುಗಳನ್ನು ಮಾಡುವುದೇ ಅದಕ್ಕೆ. ಆದರೆ ಅಲೆಯ ತುದಿ ಅಟ್ಟದ ತಳ ಮುಟ್ಟಬಾರದು. ಮುಟ್ಟಿತೆಂದರೆ ಕಡಲಿನ ಇಡೀ ತೂಕ ಒಂದೇ ಏಟಿಗೆ ಅಗಲವಾದ ಗೋಡೆಯಂತೆ ಬಂದು ಬಡಿಯುತ್ತದೆ. ಅದಕ್ಕೇ ಅತಿ ದೊಡ್ಡ ಬಿರುಗಾಳಿಯ ಅತಿ ಎತ್ತರದ ಅಲೆಯನ್ನು ಲೆಕ್ಕ ಹಾಕಿ, ಅದಕ್ಕಿಂತ ಸಾಕಷ್ಟು ಮೇಲೆ ಅಟ್ಟವನ್ನು ಕೂರಿಸುತ್ತಾರೆ. ಅಲೆಗೂ ಅಟ್ಟಕ್ಕೂ ನಡುವಿನ ಆ ಖಾಲಿ ಜಾಗದ ಮೇಲೆಯೇ ಅಲ್ಲಿರುವವರ ಜೀವ ನಿಂತಿರುತ್ತದೆ.

ಮರುದಿನವೇ ಅವಳು ಅಣ್ಣನಿಗೆ ಫೋನ್ ಮಾಡಿ, ಕೆಳಗಿನ ಅಟ್ಟದಿಂದ ಭಾರ ಕಟ್ಟಿದ ಹಗ್ಗ ಇಳಿಬಿಟ್ಟು ನೀರಿನವರೆಗಿನ ದೂರ ಅಳೆಯಲು ಹೇಳಿದಳು. ಅಣ್ಣ ಗೊಣಗಿಕೊಂಡೇ ಅಳೆಸಿದ. ಅಳೆದವನು ಅಲ್ಲಿನ ಹಳೆಯ ಮೆಕ್ಯಾನಿಕ್. ಅವನನ್ನು ಎಲ್ಲರೂ ವಾಲ್ವಣ್ಣ ಎನ್ನುತ್ತಿದ್ದರು. ಅಲ್ಲಿನ ಪ್ರತಿ ವಾಲ್ವಿಗೂ ಅವನು ಒಂದೊಂದು ಅಡ್ಡಹೆಸರು ಇಟ್ಟಿದ್ದ. ಜಗಳಗಂಟಿ, ಮೂಗಿ, ಅತ್ತೆಮ್ಮ ಹೀಗೆ.

"ಮೇಡಂ," ಎಂದ ವಾಲ್ವಣ್ಣ ಫೋನಿನಲ್ಲಿ, "ನಿಮ್ಮ ಕಾಲು ಕುಳ್ಳಗಾಗಿದೆ."

"ಎಷ್ಟು?"

"ನಾನು ನಿಂತು, ನನ್ನ ತಲೆ ಮೇಲೆ ನಮ್ಮ ಅಡುಗೆಯವನು ನಿಂತ್ರೆ ಎಷ್ಟಾಗುತ್ತೋ ಅಷ್ಟು. ಎರಡು ಸಲ ಅಳೆದೆ. ನನಗೂ ವರ್ಷ ವರ್ಷ ಕೂದಲು ಕಮ್ಮಿ ಆಗ್ತಿದೆ ನಿಜ, ಆದ್ರೆ ಉಕ್ಕಿಗೂ ಹೀಗಾಗುತ್ತಾ?"

ಉಕ್ಕಿಗೆ ಹಾಗಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮುಂದಿನ ಎರಡು ದಿನ ಅವಳು ಊಟ ನಿದ್ದೆ ಬಿಟ್ಟು ಹಳೆಯ ಲೆಕ್ಕವನ್ನು ಮೊದಲಿನಿಂದ ಮಾಡಿದಳು. ಕಾಲು ಸರಿಯಿತ್ತು. ಬೆಸುಗೆ ಸರಿಯಿತ್ತು. ಅಲೆಯ ಲೆಕ್ಕವೂ ಸರಿಯಿತ್ತು. ಯಾರೂ ಯೋಚಿಸದೆ ಬಿಟ್ಟದ್ದು ಒಂದೇ ಒಂದು: ಕಡಲತಳದ ಕೆಳಗಿನಿಂದ ವರ್ಷಗಟ್ಟಲೆ ಎಣ್ಣೆ, ಅನಿಲ ಹೀರಿ ತೆಗೆದರೆ ಅಲ್ಲಿ ಉಳಿಯುವ ಬಂಡೆ ಟೊಳ್ಳಾಗಿ ಕುಗ್ಗುತ್ತದೆ, ಅದರ ಮೇಲಿನ ನೆಲ ಮೆಲ್ಲಮೆಲ್ಲನೆ ತಟ್ಟೆಯಂತೆ ತಗ್ಗುತ್ತದೆ. ಅಟ್ಟ ಅಲುಗದೆ, ವಾಲದೆ, ಒಂದು ಬಿರುಕೂ ಬಿಡದೆ, ನಿಂತ ನೆಲದ ಸಮೇತ ಕೆಳಗಿಳಿಯುತ್ತಿತ್ತು. ಮೇಲಿದ್ದವರಿಗೆ ಅದು ತಿಳಿಯುವುದಾದರೂ ಹೇಗೆ? ಅವರ ಕಣ್ಣಿಗೆ ಕಡಲೇ ಮೇಲೇರಿದಂತೆ ಕಾಣುತ್ತಿತ್ತು.

ಅವಳು ಚೀಫ್ ಇಂಜಿನಿಯರರ ಕೋಣೆಗೆ ಹೋದಳು. ಅವರು ಕಿತ್ತಳೆ ಬಿಡಿಸುತ್ತ ಕುಳಿತಿದ್ದರು. ತೊಳೆಯ ಮೇಲಿನ ಬಿಳಿ ನಾರನ್ನು ಒಂದೊಂದಾಗಿ ಕಿತ್ತು ಕಾಗದದ ಮೇಲಿಡುತ್ತ ಪೂರ್ತಿ ಕೇಳಿಸಿಕೊಂಡರು.

"ಹಗ್ಗದಲ್ಲಿ ಅಳೆದಿದ್ದು," ಎಂದರು ಕೊನೆಗೆ.

"ಹೌದು ಸರ್."

"ಹಗ್ಗ ನೆನೆದ್ರೆ ಹಿಗ್ಗುತ್ತೆ, ಎಳೆದ್ರೆ ಉದ್ದ ಆಗುತ್ತೆ. ಇದನ್ನ ಹಿಡ್ಕೊಂಡು ನಾನು ಮೇಲಿನವರ ಮುಂದೆ ಹೋಗಿ ಬಾವಿ ಮುಚ್ಚಿ ಅನ್ಲಾ? ಬೇಸಿಗೆ ಬರ್ಲಿ. ಕಡಲು ತಣ್ಣಗಾದ ಮೇಲೆ ಸರಿಯಾಗಿ ಸರ್ವೆ ಮಾಡಿಸೋಣ."

"ಸರ್, ನಡುವೆ ಚಳಿಗಾಲ ಇದೆ."

"ಇದುವರೆಗೆ ಎಷ್ಟು ಚಳಿಗಾಲ ಹೋಗಿಲ್ಲ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಒಂದು ತೊಳೆ ಅವಳ ಕಡೆ ಚಾಚಿದರು. ಚಾಚುವಾಗಲೂ ಅವರ ಕಣ್ಣು ಅವಳು ತಂದಿದ್ದ ಲೆಕ್ಕದ ಹಾಳೆಯ ಮೇಲೆಯೇ ಇತ್ತು. ಈ ಮನುಷ್ಯ ನನ್ನ ಮಾತು ನಂಬಿದ್ದಾನೆ, ನಂಬಿದ್ದಕ್ಕೇ ಹೀಗೆ ಮಾತು ತೇಲಿಸುತ್ತಿದ್ದಾನೆ ಎಂದು ಹೊಳೆದಾಗ ಅವಳು ತೊಳೆ ತೆಗೆದುಕೊಳ್ಳದೆ ಎದ್ದು ಬಂದಳು.

ಚಳಿಗಾಲ ಬೇಸಿಗೆಯ ಸರ್ವೆಗಾಗಿ ಕಾಯಲಿಲ್ಲ. ಒಂದು ಬೆಳಿಗ್ಗೆ ಆಫೀಸಿನ ಗೋಡೆಯ ಮೇಲಿನ ಹವಾಮಾನದ ನಕ್ಷೆಯಲ್ಲಿ ಬಿರುಗಾಳಿಯ ಸುಳಿ ಕಾಣಿಸಿಕೊಂಡಿತು. ಮಧ್ಯಾಹ್ನದ ಹೊತ್ತಿಗೆ ಅದು ಹಿಂದಿನ ದೊಡ್ಡ ಬಿರುಗಾಳಿಗಳನ್ನೆಲ್ಲ ಮೀರಿಸುವಂತಿದೆ ಎಂಬ ಸುದ್ದಿ ಬಂತು. ಹೆಲಿಕಾಪ್ಟರುಗಳು ಹಾರಲು ಆ ದಿನ, ಮರುದಿನದ ಸ್ವಲ್ಪ ಹೊತ್ತು ಮಾತ್ರ ಉಳಿದಿತ್ತು. ಆಫೀಸಿನ ನಿಯಮದ ಪ್ರಕಾರ ವಿನ್ಯಾಸ ವಿಭಾಗದವರು ಅಟ್ಟದವರಿಗೆ ನೇರವಾಗಿ ಏನನ್ನೂ ಹೇಳುವಂತಿರಲಿಲ್ಲ. ಅವಳು ಬೀದಿಗಿಳಿದು, ಬಸ್ ನಿಲ್ದಾಣದ ಗಾಜಿನ ಮರೆಯಲ್ಲಿ ನಿಂತು ಅಣ್ಣನಿಗೆ ಫೋನ್ ಮಾಡಿದಳು.

ಅಟ್ಟ ಖಾಲಿ ಮಾಡಿಸುವ ಅಧಿಕಾರ ಸೂಪರಿಂಟೆಂಡೆಂಟಿಗಿತ್ತು. ಜೀವಕ್ಕೆ ಅಪಾಯವಿದೆ ಎಂದು ಅವನಿಗನಿಸಿದರೆ ಸಾಕು, ಯಾರ ಅಪ್ಪಣೆಯೂ ಬೇಕಿರಲಿಲ್ಲ.

"ಎಲ್ಲರನ್ನೂ ಇಳಿಸು ಅಣ್ಣ."

"ಏನೇ ಹೀಗಂತೀಯ. ಗಾಳಿ ಬಂತು ಅಂತ ಅಟ್ಟ ಬಿಟ್ಟು ಓಡಿದ್ರೆ ನಾಳೆ ನನ್ನ ಮುಖಕ್ಕೆ ಉಗೀತಾರೆ. ಇಂಥವು ಎಷ್ಟೋ ನೋಡಿದ್ದೀನಿ."

"ಆಗ ಅಟ್ಟ ಮೇಲಿತ್ತು. ಈಗ ಇಲ್ಲ."

ಅಣ್ಣ ನಿಧಾನವಾಗಿ ಕೇಳಿದ: "ಖಂಡಿತ ಅಲೆ ಅಟ್ಟಕ್ಕೆ ಬಡಿಯುತ್ತಾ? ನೋಡಿ ಹೇಳು. ನಿನ್ನ ಒಂದು ಮಾತಿನ ಮೇಲೆ ನಾನು ಬಾವಿ ಎಲ್ಲ ಮುಚ್ಚಿಸಿ, ಇಷ್ಟು ಜನರನ್ನ ಹಾರಿಸಬೇಕು."

ನಿಜ ಹೇಳಬೇಕೆಂದರೆ ಅವಳಿಗೆ ಗೊತ್ತಿರಲಿಲ್ಲ. ಅಲೆ ಬಡಿಯಬಹುದು, ಬಡಿಯದೆಯೂ ಇರಬಹುದು. ಲೆಕ್ಕ ಅಷ್ಟೇ ಹೇಳುತ್ತಿತ್ತು. ಹುಟ್ಟಿದಾಗಿನಿಂದ ಅವಳು ಯಾವುದನ್ನೂ ಖಂಡಿತ ಎಂದವಳಲ್ಲ. ಹಾಲು ಕಾಯಿತಾ ಎಂದರೂ ಹೆಚ್ಚುಕಮ್ಮಿ ಕಾಯಿತು ಎನ್ನುವ ಜಾತಿ. ಬಹುಶಃ ಎಂದರೆ ಅಣ್ಣ ಕದಲುವುದಿಲ್ಲ ಎಂಬುದೂ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೆಳಗಿನ ಅಟ್ಟದ ಅಂಚಿನ ಕೋಣೆಗಳಲ್ಲಿ ಮಲಗುವವರು ಕಣ್ಣ ಮುಂದೆ ಬಂದರು. ಎದುರಿಗೆ ಒಂದು ಬಸ್ಸು ಬಂದು ನಿಂತು, ಯಾರೂ ಹತ್ತದೆ, ಹೊರಟುಹೋಯಿತು.

"ಬಡಿಯುತ್ತೆ," ಎಂದಳು. "ಅಟ್ಟ ಉಳಿಯಲ್ಲ."

ಅತ್ತ ಅಣ್ಣ ಯಾರನ್ನೋ ಕೂಗಿ ಕರೆದದ್ದು ಕೇಳಿಸಿತು.

"ಆಯ್ತು," ಎಂದ. "ಅಮ್ಮನಿಗೆ ಏನೂ ಹೇಳ್ಬೇಡ."

ಅವನು ಹೇಳಿದಂತೆ ಮಾಡಿದ. ಸಂಜೆಯೊಳಗೆ ಹೆಲಿಕಾಪ್ಟರುಗಳು ಸರದಿಯ ಮೇಲೆ ಬಂದು ಜನರನ್ನು ಹೊತ್ತು ದಡಕ್ಕೆ ತಂದು ಇಳಿಸತೊಡಗಿದವು. ಚೀಫ್ ಅವಳನ್ನು ಕರೆಸಿ, ಮುಖ ಗಂಟಿಕ್ಕಿ, "ನೀವು ಮಾತಾಡಿದ್ರಾ?" ಎಂದು ಕೇಳಿದರು. ಹೌದು ಎಂದಳು. ಅವರು ಕಿಟಕಿಯ ಕಡೆ ತಿರುಗಿ ನಿಂತರು. "ನಾನು ಮಾತಾಡಬೇಕಿತ್ತು," ಎಂದಷ್ಟೇ ಹೇಳಿ, ಹೋಗಿ ಎಂಬಂತೆ ಕೈಯಾಡಿಸಿದರು.

ಮರುದಿನ ಬೆಳಿಗ್ಗೆ ಅವಳು ದಡದ ರೇಡಿಯೊ ಕೋಣೆಗೆ ಹೋದಾಗ ತಿಳಿಯಿತು, ಮೂವರು ಇನ್ನೂ ಅಲ್ಲೇ ಇದ್ದಾರೆ ಎಂದು. ರೇಡಿಯೊದವನು, ವಾಲ್ವಣ್ಣ, ಅಣ್ಣ.

ಅವಳು ಮೈಕನ್ನು ಹೆಚ್ಚುಕಡಿಮೆ ಕಿತ್ತುಕೊಂಡೇ ಕೇಳಿದಳು. "ಯಾಕೆ ಉಳಿದೆ?"

"ಒಂದು ಬಾವಿ ವಾಲ್ವು ಪೂರ್ತಿ ಕೂರ್ತಿಲ್ಲ," ಅಣ್ಣನ ದನಿ ಕೆಳಗಿನ ಅಟ್ಟದ ಕೈ-ರೇಡಿಯೊದಿಂದ, ಗರಗರ ಸದ್ದಿನ ನಡುವಿನಿಂದ ಬಂತು. "ದೂರದಿಂದ ಮುಚ್ಚಿದ್ರೂ ಸೋರ್ತಿದೆ. ಕೈಯಿಂದಲೇ ತಿರುಗಿಸಿ ಬಿಗಿ ಮಾಡ್ಬೇಕು. ಬರೀ ಗಾಳಿ ಆಗಿದ್ರೆ ಅಷ್ಟು ಸೋರಿಕೆ ಇರ್ಲಿ ಅಂತ ಬಿಟ್ಟು ಬರ್ತಿದ್ದೆ. ಅಟ್ಟವೇ ಬೀಳುತ್ತೆ ಅಂದ್ಯಲ್ಲ. ಅಟ್ಟ ಬಿದ್ದು ಬಾವಿ ಬಾಯಿ ತೆರೆದ್ರೆ ಕಡಲೆಲ್ಲ ಹೊತ್ತಿ ಉರಿಯುತ್ತೆ ಕಣೇ. ಹಾಗೇ ಬಿಟ್ಟು ಬರೋಕಾಗುತ್ತಾ?"

ಜನರನ್ನು ಇಳಿಸಲು ತಾನು ಆಡಿದ ಮಾತೇ ಅಣ್ಣನನ್ನು ಅಲ್ಲಿ ಕಟ್ಟಿಹಾಕಿತ್ತು.

"ಈಗ ಬಂದುಬಿಡು. ಹಾಗೇ ಬಿಟ್ಟು ಬಾ."

"ಕೊನೆ ಹೆಲಿಕಾಪ್ಟರ್ ವಾಪಸ್ ಹೋಯ್ತು. ಗಾಳಿಗೆ ಇಳಿಯೋಕಾಗ್ಲಿಲ್ಲ."

ಹಿಂದಿನಿಂದ ವಾಲ್ವಣ್ಣನ ದನಿ ಕೇಳಿಸಿತು. "ಅತ್ತೆಮ್ಮ ಸ್ವಲ್ಪ ಹಟ ಮಾಡ್ತಿದ್ದಾಳೆ ಮೇಡಂ. ಇನ್ನೆರಡು ಸುತ್ತು. ಆಮೇಲೆ ನಾವಿಬ್ರೂ ಮೇಲೆ ಹೋಗಿ ಕೂತ್ಕೋತೀವಿ."

ಚೀಫ್ ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕುಳಿತರು. ಕಿಟಕಿಯಾಚೆ ಹಗಲೇ ಬೂದಿಯ ಬಣ್ಣಕ್ಕೆ ತಿರುಗಿತ್ತು. ದಡದಲ್ಲೇ ಗಾಳಿ ತಗಡಿನ ಮಾಡುಗಳನ್ನು ಕಿತ್ತೆಸೆಯುತ್ತಿತ್ತು; ಬೀದಿಯಲ್ಲಿ ಒಂದು ಅಂಗಡಿಯ ಬೋರ್ಡು ತಾನಾಗಿಯೇ ನಡೆದುಕೊಂಡು ಹೋದಂತೆ ರಸ್ತೆ ದಾಟಿತು. ಅಟ್ಟದ ರೇಡಿಯೊದವನು ಆಗಾಗ ಅಲೆಯ ಎತ್ತರ ಹೇಳುತ್ತಿದ್ದ. ಪ್ರತಿ ಸಲವೂ ಅದು ಮುಂಚಿನದಕ್ಕಿಂತ ಹೆಚ್ಚಾಗಿತ್ತು.

"ವಾಲ್ವು ಕೂತಿತ್ತು, ಮತ್ತೆ ಸೋರ್ತಿದೆಯಂತೆ," ಎಂದ ರೇಡಿಯೊದವನು ಒಮ್ಮೆ. "ಇಬ್ಬರೂ ಇನ್ನೊಂದು ಸಲ ಕೆಳಗೆ ಹೋಗಿದ್ದಾರೆ. ಸೂಪರಿಂಟೆಂಡೆಂಟ್ ಮೆಟ್ಟಿಲ ಮೇಲೆ ನಿಂತು, ವಾಲ್ವಣ್ಣನ ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿದಿದ್ದಾರೆ, ವಾಲ್ವಣ್ಣ..."

ಮಾತು ಅಲ್ಲಿಗೇ ನಿಂತಿತು. ರೇಡಿಯೊದಿಂದ ಬಂದದ್ದು ಅಲೆಯ ಸದ್ದಿನಂತಿರಲಿಲ್ಲ. ದೊಡ್ಡ ಕಟ್ಟಡದ ಬಾಗಿಲನ್ನು ಯಾರೋ ಕಾಲಿಂದ ಒದ್ದ ಹಾಗೆ, ಒಂದೇ ಒಂದು ಸಲ, ಧಡ್ ಎಂದಿತು. ಆಮೇಲೆ ಉಕ್ಕು ನರಳುವ ಸದ್ದು, ಬಹಳ ಹೊತ್ತು.

"ಹೇಳಪ್ಪ," ಎಂದರು ಚೀಫ್ ಮೈಕಿನಲ್ಲಿ. "ಏನಾಯ್ತು ಹೇಳು. ಹೇಳಪ್ಪ."

ರೇಡಿಯೊದವನ ದನಿ ಮತ್ತೆ ಬಂದಾಗ ಅದು ವಿಚಿತ್ರವಾಗಿ ಶಾಂತವಾಗಿತ್ತು. "ಕೆಳಗಿನ ಅಟ್ಟ ಇಲ್ಲ ಸರ್. ಅರ್ಧ ಇಲ್ಲ. ಮಲಗೋ ಕೋಣೆಗಳು ಇದ್ವಲ್ಲ, ಆ ಕಡೆ ಈಗ ಏನೂ ಇಲ್ಲ. ನೀರು ಕಾಣ್ತಿದೆ."

ಅಣ್ಣ ಸಿಕ್ಕಿದ. ಮೆಟ್ಟಿಲ ಕಟಕಟೆಗೆ ಸಿಕ್ಕಿಕೊಂಡು, ಸೊಂಟದ ಮೂಳೆ ಮುರಿದು, ಅರೆಜೀವವಾಗಿ ಬಿದ್ದಿದ್ದ. ರೇಡಿಯೊದವನು ಒಬ್ಬನೇ ಅವನನ್ನು ಮೇಲಕ್ಕೆಳೆದು ತಂದ. ಅಣ್ಣನ ಮುಷ್ಟಿಯಲ್ಲಿ ಹಗ್ಗ ಹಾಗೇ ಇತ್ತು, ಇನ್ನೊಂದು ತುದಿ ಹರಿದಿತ್ತು. ವಾಲ್ವಣ್ಣ ಸಿಗಲಿಲ್ಲ. ಗಾಳಿ ನಿಂತ ಮೇಲೆ ದೋಣಿಗಳು ಎಷ್ಟು ಹುಡುಕಿದರೂ ಸಿಗಲಿಲ್ಲ. ಅವನು ಬಿಗಿ ಮಾಡಿದ ವಾಲ್ವು ಮಾತ್ರ ಆಮೇಲೆ ಒಂದು ಹನಿಯೂ ಸೋರಲಿಲ್ಲ. ಕಾಲುಗಳೂ ನಿಂತಿದ್ದವು. ಅಟ್ಟ ಉಳಿಯಲ್ಲ ಎಂದು ಅವಳು ಹೇಳಿದ್ದಳು; ಅಟ್ಟ ಪೂರ್ತಿ ಬೀಳಲಿಲ್ಲ.

ಆಸ್ಪತ್ರೆಯಲ್ಲಿ ಅಣ್ಣನಿಗೆ ಮಾತು ಬಂದ ದಿನ ಅಮ್ಮ ಅವನ ತಲೆ ಸವರುತ್ತ ಕುಳಿತಿದ್ದಳು. ಅಮ್ಮ ಔಷಧಿ ತರಲು ಕೆಳಗೆ ಹೋದಾಗ ತಂಗಿ ಮಂಚದ ಪಕ್ಕಕ್ಕೆ ಬಂದಳು. ಅಣ್ಣನೇ ಮಾತೆತ್ತಿದ.

"ಅವತ್ತು ನೀನು ಸುಳ್ಳು ಹೇಳಿದೆ ಅಂತ ನನಗೆ ಗೊತ್ತಿತ್ತು."

ಅವಳು ಅವನ ಮುಖ ನೋಡಿದಳು.

"ಬಡಿಯುತ್ತೆ ಅಂದೆ. ಹೆಚ್ಚುಕಮ್ಮಿ ಅಂತ ಒಂದು ಮಾತು ಸೇರಿಸ್ಲಿಲ್ಲ. ಆಗ್ಲೇ ತಿಳೀತು. ಆದ್ರೆ ನೀನು ಸುಳ್ಳು ಹೇಳೋಷ್ಟು ಹೆದರಿದ್ದೀಯ ಅಂದ್ರೆ, ವಿಷಯ ನಾನು ಅಂದ್ಕೊಂಡಿದ್ದಕ್ಕಿಂತ ಕೆಟ್ಟದಾಗಿರಬೇಕು ಅನ್ನಿಸ್ತು. ಅದಕ್ಕೇ ಇಳಿಸಿದೆ. ಅದಕ್ಕೇ ಉಳಿದೆ." ಅವನು ಕಣ್ಣು ಮುಚ್ಚಿಕೊಂಡ. "ಹಗ್ಗ ನನ್ನ ಕೈಯಲ್ಲೇ ಇತ್ತು ಕಣೇ. ನಾನು ಬಿಡ್ಲಿಲ್ಲ. ಅಷ್ಟು ಅವರ ಮನೆಯವರಿಗೆ ಹೇಳು."

ವಾಲ್ವಣ್ಣನ ಮನೆ ಊರಿನ ಆಚೆ ತುದಿಯಲ್ಲಿ, ಒಂದೇ ಥರದ ಮನೆಗಳ ಸಾಲಿನಲ್ಲಿತ್ತು. ಬಾಗಿಲಿಗೆ ಬಂದದ್ದು ಅವನ ಹೆಂಡತಿ. ಗಟ್ಟಿಮುಟ್ಟಾದ, ಕಡಿಮೆ ಮಾತಿನ ಹೆಂಗಸು. ಒಳಗೆ ಕರೆದು ಕುರ್ಚಿ ತೋರಿಸಿದಳು. ಹಗ್ಗದ ಮಾತನ್ನು ತಲೆಯಾಡಿಸುತ್ತ ಕೇಳಿದಳು. ಆಮೇಲೆ ನೇರವಾಗಿ ಕೇಳಿದಳು:

"ಅಟ್ಟ ಬೀಳುತ್ತೆ ಅಂತ ನೀವು ಹೇಳಿದ್ದಕ್ಕೇ ಅವರು ಉಳಿದಿದ್ದಂತೆ. ಹೌದಾ?"

"ಹೌದು."

"ಹೇಳ್ದೇ ಇದ್ದಿದ್ರೆ?"

"ಯಾರೂ ಇಳೀತಿರ್ಲಿಲ್ಲ. ಎಲ್ಲರೂ ಅಲ್ಲೇ ಇರ್ತಿದ್ರು."

"ಎಲ್ಲರೂ ಅಂದ್ರೆ ಇವರೂ."

"ಇವರೂ."

ಆ ಹೆಂಗಸು ತನ್ನ ಅಂಗೈ ನೋಡಿಕೊಂಡಳು. "ಹಾಗಾದ್ರೆ ನನಗೆ ಎರಡೂ ಒಂದೇ," ಎಂದಳು. "ಬೇರೆಯವರ ಮನೆಗಳಲ್ಲಿ ಒಂದೇ ಅಲ್ಲ, ಗೊತ್ತು. ಅವರೆಲ್ಲ ಬಂದು ನನ್ನ ಕೈ ಹಿಡ್ಕೊಂಡು ಅತ್ತು ಹೋದ್ರು. ಅವರು ಅಳೋವಾಗ ನನಗೆ ಅವರ ಮೇಲೆ ಸಿಟ್ಟು ಬಂತು. ನಿಮ್ಮ ಮೇಲೂ ಬರುತ್ತೆ. ಇನ್ನೂ ಎಷ್ಟು ದಿನ ಬರುತ್ತೋ ನನಗೆ ತಿಳಿಯಲ್ಲ. ಟೀ ಮಾಡ್ತೀನಿ, ಕುಡಿದು ಹೋಗಿ."

ಅವಳು ಟೀ ಕುಡಿದೇ ಬಂದಳು. ಬಿಟ್ಟು ಎದ್ದರೆ ಅದು ಇನ್ನೊಂದು ತಪ್ಪಾಗುತ್ತದೆ ಎನಿಸಿ ಕೊನೆಯ ಗುಟುಕಿನವರೆಗೆ ಕುಡಿದಳು.

ಬೇಸಿಗೆಯಲ್ಲಿ ಸರ್ವೆ ಆಯಿತು. ಅವಳು ಅಂದುಕೊಂಡದ್ದಕ್ಕಿಂತಲೂ ನೆಲ ಹೆಚ್ಚೇ ತಗ್ಗಿತ್ತು. ಚೀಫ್ ಕೆಲಸ ಬಿಟ್ಟರು. ಅಟ್ಟವನ್ನೇ ಮೇಲೆತ್ತುವುದೆಂದು ತೀರ್ಮಾನವಾಗಿ, ಅದರ ವಿನ್ಯಾಸ ಅವಳ ಪಾಲಿಗೆ ಬಂತು. ಕಾಲುಗಳನ್ನು ಅಟ್ಟದ ಕೆಳಗೆ ಕತ್ತರಿಸಿ, ದೊಡ್ಡ ಜಾಕ್‌ಗಳಿಂದ ಇಡೀ ಅಟ್ಟವನ್ನು ಒಂದೇ ಸಮ ಎತ್ತಿ ಹಿಡಿದು, ನಡುವೆ ಹೊಸ ಉಕ್ಕಿನ ತುಂಡುಗಳನ್ನು ಬೆಸೆಯಬೇಕು. ಒಂದು ಮೂಲೆ ಬೆರಳಗಲ ಹಿಂದುಳಿದರೂ ಎಲ್ಲ ತಿರುಚಿಕೊಳ್ಳುತ್ತದೆ. ಎರಡು ಬೇಸಿಗೆ ಆ ಕೆಲಸವೇ ಆಯಿತು.

ಎತ್ತುವ ದಿನ ಅವಳು ಮೊದಲ ಬಾರಿಗೆ ಅಲ್ಲಿಗೆ ಹೋದಳು. ಅಲ್ಲಿಯವರೆಗೆ ತನ್ನ ಕಾಲುಗಳನ್ನು ಅವಳು ನಕ್ಷೆಯಲ್ಲಿ, ಫೋನಿನಲ್ಲಿ ಮಾತ್ರ ಕಂಡಿದ್ದಳು. ಕಡಲು ಎಣ್ಣೆ ಸವರಿದಂತೆ ನುಣ್ಣಗೆ ಬಿದ್ದುಕೊಂಡಿತ್ತು. ಜಾಕ್‌ಗಳು ಗುಂಯ್ ಎನ್ನತೊಡಗಿದವು. ಉಕ್ಕು ಹೊಟ್ಟೆಯೊಳಗಿಂದ ನರಳಿತು. ಅಟ್ಟ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಮೇಲೆದ್ದಿತು. ಸಂಜೆ ಹೊತ್ತಿಗೆ ಕಾಲುಗಳ ನಡುವೆ ಮೂರಾಳೆತ್ತರಕ್ಕೂ ಮೀರಿದ ಹೊಸ ಜಾಗ ತೆರೆದುಕೊಂಡಿತ್ತು. ಜನ ಚಪ್ಪಾಳೆ ತಟ್ಟಿದರು. ಊರುಗೋಲು ಹಿಡಿದು ಬಂದಿದ್ದ ಅಣ್ಣ ಮಾತ್ರ ತಟ್ಟಲಿಲ್ಲ. ಅವನು ಕಟಕಟೆಗೆ ಒರಗಿ ಕೆಳಗಿನ ನೀರನ್ನು ನೋಡುತ್ತಿದ್ದ.

ಹೊಸದಾಗಿ ಬಂದ ಚೀಫ್ ಅವಳ ಬಳಿ ಬಂದು ಕೈಕುಲುಕಿದರು. "ಇನ್ನು ನಮ್ಮ ಕಾಲದಲ್ಲಂತೂ ಚಿಂತೆ ಇಲ್ಲ ಮೇಡಂ. ಬೆಸುಗೆ ಮುಗಿದ ದಿನವೇ ಬಾವಿ ತೆರೀಬಹುದು, ಅಲ್ವಾ?"

"ತೆರೀಬಹುದು," ಎಂದಳು. "ತೆರೆದ ದಿನದಿಂದ ನೆಲ ಮತ್ತೆ ಇಳಿಯೋಕೆ ಶುರುವಾಗುತ್ತೆ. ಪ್ರತಿ ತಿಂಗಳೂ ಅಳೀಬೇಕು."

"ಅಳೆಯೋಣ, ಅಳೆಯೋಣ," ಎಂದು ಅವರು ನಗುತ್ತ ಬೇರೆಯವರ ಕೈಕುಲುಕಲು ಹೋದರು.

ಅವಳು ಕಟಕಟೆಯ ಬಳಿ ಅಣ್ಣನ ಪಕ್ಕಕ್ಕೆ ಹೋಗಿ ನಿಂತಳು. ಅವನು ನೀರಿನಿಂದ ಕಣ್ಣು ಕೀಳದೆಯೇ ಸ್ವಲ್ಪ ಸರಿದು ಅವಳಿಗೆ ಜಾಗ ಮಾಡಿಕೊಟ್ಟ. ಹೆಲಿಕಾಪ್ಟರ್ ಬರುವವರೆಗೂ ಇಬ್ಬರೂ ಅಲ್ಲೇ ನಿಂತಿದ್ದರು.